ಯಜಮಾನರ ಕೈಕೆಲಸ

ಜುಂಗ್‌ಹೋನ ಆ ವಿಡಿಯೊವನ್ನು ಮನ್‌ಸಿಕ್ ಎಷ್ಟು ಸಲ ನೋಡಿದ್ದನೆಂದರೆ, ಯಾವ ಮಾತಿಗೆ ಜುಂಗ್‌ಹೋ ಕನ್ನಡಕ ಸರಿಪಡಿಸಿಕೊಳ್ಳುತ್ತಾನೆ ಎಂಬುದೂ ಅವನಿಗೆ ಬಾಯಿಪಾಠವಾಗಿತ್ತು. ಯಾರೋ ಹಳೆಯದನ್ನು ಕೊಂಡು ತಂದ ಗೇಮಿಂಗ್ ಕಂಪ್ಯೂಟರನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಒಳಗಿದ್ದ ಪುಟ್ಟ ಫ್ಯಾನನ್ನು ಎರಡೇ ಬೆರಳಲ್ಲಿ ಎತ್ತಿ ತೋರಿಸಿ ಜುಂಗ್‌ಹೋ ನಗುತ್ತಿದ್ದ. "ಕೆಂಡದಂಥ ಪ್ರೊಸೆಸರಿಗೆ ಈ ಬೀಸಣಿಗೆ. ಇದನ್ನ ಜೋಡಿಸಿದೋನು ಅಂಗಡಿಯವನಲ್ಲ, ಜೇಬುಗಳ್ಳ."

ಜೋಡಿಸಿದವನು ಮನ್‌ಸಿಕ್. ಆದರೆ ಅವನು ಕೂರಿಸಿದ್ದು ಪ್ರೊಸೆಸರನ್ನು ತಣ್ಣಗಿಡುವ ಒಳ್ಳೆಯ ದೊಡ್ಡ ಕೂಲರು. ಅದನ್ನು ಕಿತ್ತು ಬೇರೆ ಮಾರಿಕೊಂಡು, ಅಗ್ಗದ ಫ್ಯಾನು ಸಿಕ್ಕಿಸಿ ಕಂಪ್ಯೂಟರನ್ನು ದಾಟಿಸಿದವನು ಮೊದಲ ಗಿರಾಕಿ. ವಿಡಿಯೊದ ಕೆಳಗೆ ಯಾರೋ ಒಬ್ಬರು 'ಇದು ಯೋಂಗ್‌ಸಾನ್ ಕಂಪ್ಯೂಟರ್ ಮಾರುಕಟ್ಟೆಯ ಓಕ್ ಮನ್‌ಸಿಕ್ ಅಂಗಡಿಯ ಮಾಲು' ಎಂದು ಬರೆದರು. ಅಷ್ಟು ಸಾಕಾಯಿತು. ಆಮೇಲೆ ಬಂದ ಗಿರಾಕಿಗಳು ಕುರ್ಚಿಯಲ್ಲಿ ಕೂರುವ ಮೊದಲೇ, "ಅಂಕಲ್, ಒಳಗೇನು ಹಾಕ್ತೀರ, ನಮ್ಮೆದುರಿಗೇ ಹಾಕಿ" ಎನ್ನತೊಡಗಿದರು. ಆಮೇಲಾಮೇಲೆ ಅವರೂ ಬರಲಿಲ್ಲ.

ಮನ್‌ಸಿಕ್‌ನ ಇದೇ ಅಂಗಡಿಯಲ್ಲಿ, ಇದೇ ಮೇಜಿನ ಎದುರು ಜುಂಗ್‌ಹೋ ಸ್ಕ್ರೂಡ್ರೈವರ್ ಹಿಡಿಯಲು ಕಲಿತಿದ್ದ. ಅದು ತಾನು ಜೋಡಿಸಿದ ಕಂಪ್ಯೂಟರೆಂದು ಅವನಿಗೆ ಗೊತ್ತಾಗಲಿಲ್ಲವೆಂದರೆ ಮನ್‌ಸಿಕ್ ನಂಬಲು ತಯಾರಿರಲಿಲ್ಲ.

ಚಳಿಗಾಲದ ಒಂದು ಮಧ್ಯಾಹ್ನ, ಮೀನಿನಾಕಾರದ ಬಿಸಿ ಬನ್ನುಗಳ ಪೊಟ್ಟಣ ಹಿಡಿದು ಜುಂಗ್‌ಹೋ ತಾನೇ ಬಂದ.

"ಊಟ ಆಯ್ತಾ ಯಜಮಾನ್ರೇ?"

"ಆಯ್ತು. ಏನು, ದೊಡ್ಡ ಮನುಷ್ಯರು ಈ ಕಡೆ?"

"ಹಾಗನ್ಬೇಡಿ." ಜುಂಗ್‌ಹೋ ಕೂರಲಿಲ್ಲ. "ಮುಂದಿನ ಶನಿವಾರ ನಮ್ಮಂಗಡೀಲಿ ಯೆರಿನ್‌ಗೆ ಕಂಪ್ಯೂಟರ್ ಕಟ್ತಿದೀನಿ, ಲೈವ್‌ನಲ್ಲಿ. ಕಟ್ಟಿದ ಕೂಡ್ಲೆ ಅವಳು ಅಲ್ಲೇ ಕೂತು ಆಡ್ತಾಳೆ. ನೀವು ಬರ್ಬೇಕು."

ಯೆರಿನ್ ಕಂಪ್ಯೂಟರ್ ಆಟ ಆಡುವುದನ್ನು ದೇಶದ ಅರ್ಧ ಹುಡುಗರು ಊಟ ಬಿಟ್ಟು ನೋಡುತ್ತಿದ್ದರು. ಮನ್‌ಸಿಕ್ ಬನ್ನಿನ ಬಾಲ ಮುರಿದ. "ಯಾವ ಪ್ರೊಸೆಸರು?"

"ಅದನ್ನೇ ಕೇಳೋಣ ಅಂತ ಬಂದೆ. ಎಂಟು ಕೋರಿಂದು ಸಾಕು ಅನ್ಸುತ್ತೆ. ಆಟಕ್ಕೆ ಅದೇ ಚುರುಕು, ತಣ್ಣಗೂ ಇರುತ್ತೆ. ಮೇಲೊಂದು ಗಾಳಿ ಕೂಲರ್ ಕೂರಿಸಿದ್ರೆ ಮುಗೀತು. ನೀವೇ ಹೇಳ್ಕೊಟ್ಟಿದ್ದಲ್ವಾ?"

ಮಾತು ಸರಿಯಾಗಿತ್ತು. ಬೇರೆ ದಿನವಾಗಿದ್ದರೆ ಮನ್‌ಸಿಕ್ ಬೆನ್ನು ತಟ್ಟುತ್ತಿದ್ದ. ಆದರೆ ಗಾಳಿ ಕೂಲರೆಂದರೆ ಲೋಹದ ಹಾಳೆಗಳ ಗಟ್ಟಿ, ಅದರ ಬದಿಗೊಂದು ಫ್ಯಾನು. ಎಲ್ಲವೂ ಹೊರಗೇ ಕಾಣುತ್ತದೆ. ನೀರಿನ ಕೂಲರಿಗೆ ಹೊಟ್ಟೆಯಿದೆ. ಹೊಟ್ಟೆಯೊಳಗೆ ಏನಿದೆಯೆಂದು ಯಾರೂ ನೋಡುವುದಿಲ್ಲ. ಯೋಚನೆ ಬಂದದ್ದು ಆ ಕ್ಷಣದಲ್ಲಿ.

"ಅವಳು ಆಡೋದಷ್ಟೇನಾ? ಆಡ್ತಾ ಆಡ್ತಾ ಲೈವ್ ಕೊಡ್ತಾಳೆ, ಆಮೇಲೆ ಕೂತು ವಿಡಿಯೊ ಕತ್ತರಿಸ್ತಾಳೆ. ಹದಿನಾರು ಕೋರಿಂದು ಹಾಕು."

"ಅದು ಬೆಂಕಿ, ಯಜಮಾನ್ರೇ."

"ಬೆಂಕಿಗೆ ನೀರು ಹಾಕು. ಇದನ್ನೂ ನಾನೇ ಹೇಳ್ಬೇಕಾ?"

ಜುಂಗ್‌ಹೋ ನಕ್ಕ. ಮೂರು ಫ್ಯಾನಿನ ದೊಡ್ಡ ನೀರಿನ ಕೂಲರೊಂದರ ಹೆಸರು ಹೇಳಿ, ಸರಿಯೇ ಎಂದು ಕೇಳಿದ. ಗುರುವಾರ, ಮಾರುಕಟ್ಟೆಯ ಮಾಲೆಲ್ಲ ಬಂದಿಳಿಯುವ ಬೋಂಗ್‌ಸುನ್ ಅಕ್ಕನ ಪಾರ್ಸೆಲ್ ಕಟ್ಟೆಗೆ ತರಿಸುತ್ತೇನೆಂದ. ಬಾಗಿಲ ಬಳಿ ಹೋಗಿ, ಏನೋ ಹೇಳುವವನಂತೆ ತಿರುಗಿ ನಿಂತ. ಒಂದು ಮಾತು, ತಪ್ಪಾಯಿತು ಎಂಬ ಒಂದೇ ಮಾತು ಬರುವುದೇನೋ ಎಂದು ಮನ್‌ಸಿಕ್ ಕಾದ. "ಚಳಿ ಜಾಸ್ತಿ ಇದೆ, ಹುಷಾರಾಗಿರಿ" ಎಂದಷ್ಟೇ ಹೇಳಿ ಅವನು ಹೊರಟುಹೋದ. ಉಳಿದ ಬನ್ನುಗಳನ್ನು ಮನ್‌ಸಿಕ್ ಕಸದ ಡಬ್ಬಿಗೆ ಸುರಿದ.

ಅದೇ ಮಾದರಿಯ ಕೂಲರನ್ನು ಅವನು ಯೋಂಗ್‌ಸಾನ್‌ನಲ್ಲಿ ಕೊಳ್ಳಲಿಲ್ಲ. ರೈಲು ಹತ್ತಿ ಇಂಚೋನ್‌ಗೆ ಹೋಗಿ, ಮುಖಪರಿಚಯವಿಲ್ಲದ ಅಂಗಡಿಯಲ್ಲಿ ನಗದು ಕೊಟ್ಟು ತಂದ. ಮಾರುಕಟ್ಟೆಗೆ ರಜೆಯಿದ್ದ ಭಾನುವಾರ ಬೆಳಿಗ್ಗೆ ಅಂಗಡಿಯ ಷಟರ್ ಅರ್ಧ ಎಳೆದು, ಕೈಗವಸು ತೊಟ್ಟು ಕೆಲಸಕ್ಕೆ ಕೂತ.

ಪ್ರೊಸೆಸರಿನ ಮೇಲೆ ಕೂರುವ ತಾಮ್ರದ ತಳವನ್ನು ಬಿಚ್ಚಿದ. ಅದರೊಳಗೆ ನೀರು ಹರಿಯಲು ಕೂದಲೆಳೆಯಂಥ ಕಾಲುವೆಗಳಿದ್ದವು. ಅವುಗಳಲ್ಲಿ ಬಹುಪಾಲನ್ನು ಪಾರದರ್ಶಕ ಅಂಟಿನಿಂದ ತುಂಬಿ, ಒಣಗಲು ಬಿಟ್ಟು, ಚೆಲ್ಲಿದಷ್ಟು ನೀರನ್ನು ಮತ್ತೆ ತುಂಬಿಸಿ ತಳ ಮುಚ್ಚಿದ. ಇನ್ನು ನೀರು ನೂಕುವ ಪಂಪು ತಿರುಗುತ್ತದೆ, ಸದ್ದೂ ಸರಿಯಿರುತ್ತದೆ, ಪರದೆಯ ಮೇಲೆ ವೇಗವೂ ಸರಿಯಾಗಿಯೇ ಕಾಣುತ್ತದೆ. ನೀರು ಮಾತ್ರ ಸರಿಯಾಗಿ ಹರಿಯುವುದಿಲ್ಲ. ತನ್ನದೇ ಯಂತ್ರಕ್ಕೆ ಅದನ್ನು ಕೂರಿಸಿ ಪರೀಕ್ಷೆ ಮಾಡಿದ. ಸುಮ್ಮನಿದ್ದಷ್ಟು ಹೊತ್ತು ಎಲ್ಲ ಸರಿ. ಆಟ ಶುರುವಾಗಿ ಯುದ್ಧ ಕಾವೇರಿದಾಗ ಚಿತ್ರ ತಡವರಿಸಿತು, ನಿಂತು ನಿಂತು ಸಾಗಿತು, ಕೊನೆಗೆ ಪ್ರೊಸೆಸರು ತನ್ನ ಜೀವ ಉಳಿಸಿಕೊಳ್ಳಲು ಕಂಪ್ಯೂಟರನ್ನೇ ಆರಿಸಿಬಿಟ್ಟಿತು. ಅದು ಸುಡುವುದಿಲ್ಲ, ಯಾರ ಕೂದಲೂ ಕೊಂಕುವುದಿಲ್ಲ. ಸಾಯುವುದು ಮಾನ ಮಾತ್ರ.

ಊರಿಗೆಲ್ಲ ಕೂಲರಿನ ಪಾಠ ಹೇಳುವವನ ಕಂಪ್ಯೂಟರು ಲಕ್ಷಾಂತರ ಜನರೆದುರು ಬಿಸಿಯಾಗಿ ಆರಿಹೋಗಬೇಕು. ಆಮೇಲೆ ಯಾರಾದರೂ ಬಿಚ್ಚಿ ನೋಡಿದರೂ ಕಾರ್ಖಾನೆಯ ದೋಷವೆನ್ನುತ್ತಾರೆ. ನಗುವುದು ಮಾತ್ರ ಜುಂಗ್‌ಹೋನನ್ನು ನೋಡಿ.

ಪರೀಕ್ಷೆಯಲ್ಲಿ ತಾಮ್ರಕ್ಕೆ ಮೆತ್ತಿದ್ದ, ಶಾಖ ಸಾಗಿಸುವ ಪೇಸ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಕನ್ನಡಿಯಂತೆ ಮಾಡಿದ. ಕೊಳವೆಗಳನ್ನು ಮೊದಲಿದ್ದಂತೆಯೇ ಸುತ್ತಿ, ಸ್ಕ್ರೂಗಳ ಚೀಲಗಳನ್ನು ಅವವುಗಳ ಗುಳಿಯಲ್ಲಿಟ್ಟು, ಡಬ್ಬಿ ಮುಚ್ಚಿ, ಕಾರ್ಖಾನೆಯದನ್ನೇ ಹೋಲುವ ದುಂಡನೆಯ ಸೀಲು ಅಂಟಿಸಿದ. ದೀಪದ ಕೆಳಗೆ ಹಿಡಿದು ನಾಲ್ಕೂ ಕಡೆ ತಿರುಗಿಸಿ ನೋಡಿದ. ಇಂಥ ಕೆಲಸಕ್ಕೆ ಇಡೀ ಸಿಯೋಲ್ ನಗರದಲ್ಲಿ ತನ್ನಂಥ ಕೈ ಇನ್ನೊಂದಿಲ್ಲ ಎನಿಸಿ, ಬಹಳ ದಿನಗಳ ಮೇಲೆ ಅವನಿಗೆ ಹೆಮ್ಮೆಯಾಯಿತು.

ಗುರುವಾರ ಬೋಂಗ್‌ಸುನ್ ಅಕ್ಕನ ಕಟ್ಟೆಯಲ್ಲಿ ಡಬ್ಬಿಗಳು ರಾಶಿ ಬಿದ್ದಿದ್ದವು. ಮಾರುಕಟ್ಟೆಯೊಳಗಿನ ಮಾಲಿಗೆ ವಿಳಾಸ ಬರೆಯುವ ಪದ್ಧತಿಯಿರಲಿಲ್ಲ. ಹೆಸರಿನ ಚೀಟಿ, ಅದರ ಮೇಲೊಂದು ರಬ್ಬರ್ ಬ್ಯಾಂಡು, ಅಷ್ಟೆ.

"ಏನಪ್ಪಾ ಮನ್‌ಸಿಕ್, ಶಿಷ್ಯ ಅಲ್ಲಿ ಮೆರೀತಾ ಇದಾನೆ, ನೀನಿಲ್ಲಿ ಡಬ್ಬಿ ಹೊರ್ತಾ ಇದೀಯ" ಎಂದಳು ಅಕ್ಕ.

"ಮೆರೀಲಿ ಬಿಡಕ್ಕ. ಒಂದು ಲೋಟ ಕಾಫಿ ಕೊಡ್ತೀಯೋ, ಬರೀ ಚುಚ್ಚಿ ಕಳಿಸ್ತೀಯೋ?"

"ಬಾಯಿ ಮಾತ್ರ ಹಾಗೇ ಇದೆ ನೋಡು" ಎನ್ನುತ್ತ ಅವಳು ಬಿಸಿನೀರಿಗೆ ತಿರುಗಿದಳು. ಅವಳು ಸಕ್ಕರೆ ಕದಡಿ ಮುಗಿಸುವುದರೊಳಗೆ ಚೀಟಿ, ರಬ್ಬರ್ ಬ್ಯಾಂಡುಗಳು ಜುಂಗ್‌ಹೋನ ಡಬ್ಬಿಯಿಂದ ಮನ್‌ಸಿಕ್ ತಂದ ಡಬ್ಬಿಗೆ ಹೋಗಿದ್ದವು.

ಶನಿವಾರ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ಹೋಗದಿದ್ದರೆ ನಾಳೆ ಮಾತಾಗುತ್ತದೆ. ಜುಂಗ್‌ಹೋನ ಅಂಗಡಿ ಕಿಕ್ಕಿರಿದಿತ್ತು. ಬೋಂಗ್‌ಸುನ್ ಅಕ್ಕನೂ ಬಂದು ಗೋಡೆಗೊರಗಿ ನಿಂತಿದ್ದಳು. ಮನ್‌ಸಿಕ್‌ಗೆ ಮುಂದಿನ ಸಾಲಿನಲ್ಲಿ ಯೆರಿನ್‌ಳ ಪಕ್ಕದ ಕುರ್ಚಿ ಕಾದಿರಿಸಿದ್ದರು. ಜುಂಗ್‌ಹೋ ಹದಿನಾರು ಕೋರಿನ ಪ್ರೊಸೆಸರನ್ನು ಕೂರಿಸಿ, ಕೂಲರಿನ ಡಬ್ಬಿಯನ್ನು ಮೇಜಿಗೆ ತಂದ. ಸೀಲು ಕತ್ತರಿಸಿದ, ಅನುಮಾನ ಬರಲಿಲ್ಲ. ಮುಚ್ಚಳ ತೆರೆದ. ಅವನ ಕೈ ಹಾಗೆಯೇ ನಿಂತಿತು. ಮುಚ್ಚಳದ ಒಳಗನ್ನು ಬೆರಳಿನಿಂದ ಸವರಿದ. ತಲೆ ಎತ್ತಿದಾಗ ಅವನ ಕಣ್ಣುಗಳು ಒದ್ದೆಯಾಗಿದ್ದವು.

"ಆ ಹಳೇ ವಿಡಿಯೊ ಕೆಳಗೆ ಯಾರೋ ನಮ್ಮ ಯಜಮಾನ್ರ ಹೆಸರು ಎಳ್ಕೊಂಡು ಬಂದಿದಾರೆ" ಎಂದ ಜುಂಗ್‌ಹೋ ಕ್ಯಾಮೆರಾಕ್ಕೆ. "ನಾನದನ್ನ ನೋಡಿದ್ದು ಮೊನ್ನೆ ಮೊನ್ನೆ. ಕ್ಷಮೆ ಕೇಳೋಣ ಅಂತ ಅವರಂಗಡಿಗೆ ಹೋದೆ, ಬಾಯಿ ಬರ್ಲಿಲ್ಲ. ಅದು ಅವರ ಕೆಲಸ ಅಲ್ಲ. ಅವರ ಕೆಲಸ ಹೇಗಿರುತ್ತೆ ಅಂತ ತೋರಿಸ್ತೀನಿ, ನೋಡಿ."

ಅವನು ಮುಚ್ಚಳದ ಒಳಬದಿಯನ್ನು ಜನರತ್ತ ತಿರುಗಿಸಿದ. ಹೊಸ ಕೂಲರಿನ ತಾಮ್ರದ ತಳಕ್ಕೆ ಕಾರ್ಖಾನೆಯವರು ಅಂಟಿಸಿ ಕಳಿಸುವ ತೆಳು ಪ್ಲಾಸ್ಟಿಕ್ ಹಾಳೆ ಅಲ್ಲಿತ್ತು, ಒಂದು ಮೂಲೆ ಮಡಚಿ ನೀಟಾಗಿ ಅಂಟಿಸಿದ್ದು. ಕೂಲರು ಕೂರಿಸುವ ಮೊದಲು ಅದನ್ನು ಕೀಳಲೇಬೇಕು. ಕಿತ್ತದ್ದಕ್ಕೆ ಗಿರಾಕಿಗೆ ಸಾಕ್ಷಿಯಿರಲೆಂದು ಮುಚ್ಚಳಕ್ಕೆ ಹೀಗೆ ಅಂಟಿಸುವುದು ಇಡೀ ಯೋಂಗ್‌ಸಾನ್‌ನಲ್ಲಿ ಮನ್‌ಸಿಕ್ ಒಬ್ಬನೇ. ಭಾನುವಾರ ಪರೀಕ್ಷೆಗೆಂದು ಕೂತಾಗ ಮನ್‌ಸಿಕ್‌ನ ಕೈ ಅವನನ್ನು ಕೇಳದೆಯೇ ಆ ಕೆಲಸವನ್ನು ಮಾಡಿ ಮುಗಿಸಿತ್ತು, ಮುಚ್ಚುವಾಗ ಅವನ ಕಣ್ಣೂ ಅದನ್ನು ಕಂಡಿರಲಿಲ್ಲ. "ನನಗೆ ಹೇಳ್ದೇನೇ ಬಿಚ್ಚಿ, ಪರೀಕ್ಷೆ ಮಾಡಿ ಇಟ್ಟಿದಾರೆ" ಎಂದ ಜುಂಗ್‌ಹೋ. "ಅದಕ್ಕೇನಾ ಗುರುವಾರ ನನ್ನ ಕಟ್ಟೇಲಿ ಡಬ್ಬಿ ಹಿಡ್ಕೊಂಡು ನಿಂತಿದ್ದು" ಎಂದು ಹಿಂದಿನಿಂದ ಬೋಂಗ್‌ಸುನ್ ಅಕ್ಕ ಕೂಗಿ ಹೇಳಿದಳು. ಜನ ಚಪ್ಪಾಳೆ ತಟ್ಟಿದರು, ಯೆರಿನ್ ಮನ್‌ಸಿಕ್‌ನ ಕೈ ಹಿಡಿದು ಎಬ್ಬಿಸಿ ನಿಲ್ಲಿಸಿದಳು, ಕ್ಯಾಮೆರಾ ಅವನ ಮುಖದತ್ತ ತಿರುಗಿತು. ಜುಂಗ್‌ಹೋ ಅವನಿಗೆ ಸೊಂಟ ಬಾಗಿಸಿ ವಂದಿಸಿ, ಕೂಲರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, "ಇವರ ಕೈ ದಾಟಿ ಬಂದಿದ್ದನ್ನ ನಾನು ಮತ್ತೆ ಪರೀಕ್ಷೆ ಮಾಡಲ್ಲ" ಎಂದು ಪ್ರೊಸೆಸರಿನ ಮೇಲೆ ಕೂರಿಸಿದ.