ಬಾಗಿನಕ್ಕೆ ಕಾಯದ ಕೋಡಿ

“ಗಂಡನ್ನ ತಿಂದ್ಕೊಂಡವಳು ನೀನು! ಕೋಡಿ ಬಿಚ್ಚು ಅಂತ ನಂಗೇ ಹೇಳೋಕೆ ಬರ್ತೀಯಾ?”

ರಾಮಾಂಜಿನಪ್ಪನ ಕೂಗಿಗೆ ಅಂಗಳದ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಸತ್ತ ತಮ್ಮನ ಹೆಂಡತಿ ವಿಮಲಾಕ್ಷಿ ಮಾತ್ರ ಕದಲಲಿಲ್ಲ. ಅವಳ ಕೈಯಲ್ಲಿ ಒದ್ದೆ ಪಂಚೆಯೊಂದಿತ್ತು.

“ಎಷ್ಟು ಬೇಕಾದ್ರೂ ಬಯ್ಯಿರಿ ಭಾವ. ಮೊದ್ಲು ಇದನ್ನ ನೋಡಿ! ಕಟ್ಟೆ ಏರಿ ಕೆಳಗಿನ ಒಸರು ನೀರಲ್ಲಿ ಬಾಡಿಗೆ ರೂಮಿನ ಹುಸೇನಮ್ಮ ಒಗೆದಿದ್ದು. ಬಿಳೀ ಪಂಚೆ ಕೆಂಪಾಗಿದೆ. ಬರೀ ನೀರು ಒಸರೋದು ಬೇರೆ, ಮಣ್ಣು ಕೊಚ್ಕೊಂಡು ಬರೋದು ಬೇರೆ. ಏರಿ ಒಳಗೊಳಗೇ ಟೊಳ್ಳಾಗ್ತಿದೆ!”

ಮಹದೇವಪುರದ ಆಚೆಗಿನ ಆ ಪುಟ್ಟ ಕಟ್ಟೆ ಸರ್ಕಾರದ್ದಲ್ಲ. ವಿಮಲಾಕ್ಷಿಯ ಮಾವ ಸ್ವಂತ ಜಮೀನಿನಲ್ಲಿ ಮಣ್ಣು ಹೊರಿಸಿ ಕಟ್ಟಿಸಿದ್ದು. ಅವರು ತೀರಿಕೊಂಡ ಮೇಲೆ ಅದು ಅತ್ತೆ ಅಕ್ಕಯ್ಯಮ್ಮನ ಹೆಸರಿಗೆ ಬಂದಿತ್ತು. ದರ್ಬಾರು ಮಾತ್ರ ಹಿರಿಮಗ ರಾಮಾಂಜಿನಪ್ಪನದು. ರಜಾದಿನ ಟೆಕ್ ಪಾರ್ಕಿನವರು ಬಂದು ದುಡ್ಡು ಕೊಟ್ಟು ಪೆಡಲ್ ದೋಣಿ ತುಳಿಯುತ್ತಿದ್ದರು. ನೀರು ಇಳಿದರೆ ದೋಣಿ ಕೆಸರಿಗೆ ಕಚ್ಚುತ್ತದೆಂದು, ಹೆಚ್ಚಿನ ನೀರು ಹರಿದುಹೋಗುವ ಕೋಡಿಗೇ ಅವನು ಮರಳಿನ ಚೀಲ ಒಟ್ಟಿದ್ದ! ಸಾಲದ್ದಕ್ಕೆ, ಕಟ್ಟೆ ತುಂಬಿದಾಗ ಹೆಣ್ಣೊಬ್ಬಳು ಬಾಗಿನ ಬಿಟ್ಟ ಮೇಲೇ ಕೋಡಿ ಹರಿಯಬೇಕೆಂಬ ಮನೆಯ ಪದ್ಧತಿ ಅವನಿಗೆ ನೆಪವಾಗಿ ಸಿಕ್ಕಿತ್ತು.

“ಭಾನುವಾರ ಬಿಲ್ಡರ್ ಹೆಂಡ್ತಿ ಬಂದು ಬಾಗಿನ ಬಿಡ್ತಾರೆ. ಅಲ್ಲೀವರ್ಗೂ ಒಂದು ಚೀಲ ಅಲ್ಲಾಡಂಗಿಲ್ಲ!”

“ಕೆಳಗಿನ ಬಾಡಿಗೆ ರೂಮಲ್ಲಿ ಹಸುಗೂಸುಗಳಿದಾವೆ ಭಾವ! ಕಟ್ಟೆ ನಮ್ದು ಅಂತ ಮೆರೀತೀರಲ್ಲ, ಅದು ಒಡೆದ್ರೆ ಆ ಹೆಣಗಳೂ ನಮ್ದೇ ಅಲ್ವಾ?”

ಅಷ್ಟರಲ್ಲಿ ಹುಸೇನಮ್ಮ ಏದುಸಿರು ಬಿಡುತ್ತ ಓಡಿಬಂದಳು. “ಯಕ್ಕಾ... ನೀರು ಜೋರ ಬರಾಕ್ಹತ್ಯಾವ್ರೀ! ಬರೀ ಕೆಮ್ಮಣ್ಣ!”

ಜಗಲಿಯ ಮೇಲೆ ಕುಳಿತಿದ್ದ ಅಕ್ಕಯ್ಯಮ್ಮ ಧಡಕ್ಕನೆ ಎದ್ದಳು. ವಿಧವೆಯಾದ ಸೊಸೆಯನ್ನು ದೇವರ ಮನೆಯ ಹೊಸಿಲು ತುಳಿಯಗೊಡದ ಮುದುಕಿ! ಒಳಗೆ ಹೋದವಳು ಬಾಗಿನದ ಮೊರ ಹೊತ್ತು ತಂದು, ಅದೇ ಸೊಸೆಯ ಕೈಗಿಟ್ಟಳು.

“ಅತ್ತೆ... ನಾನಾ?”

“ಅರಿಶಿನ ಕುಂಕುಮ ಮುಟ್ಬೇಡ ಅಂದ ಬಾಯಿ ನಂದೇ ಕಣೇ. ಅದೇ ಬಾಯಲ್ಲಿ ಹೇಳ್ತಿದೀನಿ, ನೀನೇ ಬಿಡು!”

“ಮುಂಡೆ ಕೈಲಿ ಬಾಗಿನಾನಾ? ಹಂಗಾದ್ರೆ ಈ ಮನೇಲಿ ನಾನಿರಲ್ಲ!” ರಾಮಾಂಜಿನಪ್ಪ ಅಡ್ಡ ನಿಂತ.

“ಕಟ್ಟೆ ನಂದು, ಮಾತೂ ನಂದು. ದಾರಿ ಬಿಡೋ!” ಅಕ್ಕಯ್ಯಮ್ಮನ ದನಿ ನಡುಗಲಿಲ್ಲ. ಕಣ್ಣು ಮಾತ್ರ ತುಂಬಿಬಂತು...

ರೂಮುಗಳವರನ್ನೆಲ್ಲ ಮೊದಲು ದಿಬ್ಬ ಹತ್ತಿಸಿದರು. ವಿಮಲಾಕ್ಷಿ ಬಾಗಿನ ಬಿಟ್ಟು, ಸೆರಗು ಬಿಗಿದು ಮೊದಲ ಚೀಲ ಎಳೆದಳು. ಹುಸೇನಮ್ಮ ಕೈಹಾಕಿದಳು, ಓಣಿಯ ಹೆಂಗಸರೆಲ್ಲ ಸೇರಿದರು. “ಒಂದೊಂದೇ ತೆಗೀರಿ, ಒಂದೇ ಸಲ ನುಗ್ಗಿಸ್ಬೇಡಿ!” ವಿಮಲಾಕ್ಷಿ ಕೂಗುತ್ತಿದ್ದಳು. ಚೀಲಗಳು ಕಳಚಿದಂತೆ ನೀರು ಭೋರ್ಗರೆದು ಪಕ್ಕದ ರಾಜಕಾಲುವೆಗೆ ಧುಮುಕಿತು. ಕಟ್ಟೆಯ ನೀರು ಇಳಿಯಿತು... ಸಂಜೆಗೆ ಕೆಂಪು ಒಸರೂ ನಿಂತಿತು. ಏರಿ ಒಡೆಯದೆ ಉಳಿದಿತ್ತು! ಹೆಂಗಸರ ಕೇಕೆ ದಿಬ್ಬಕ್ಕೆ ಕೇಳಿಸಿತು. ಅಕ್ಕಯ್ಯಮ್ಮ ಕೆಸರಾದ ಸೊಸೆಯನ್ನು ಬಾಚಿ ತಬ್ಬಿಕೊಂಡು ಹೋ ಎಂದು ಅತ್ತಳು.

ದೋಣಿಗಳೆಲ್ಲ ಕೆಸರಿಗೆ ಕಚ್ಚಿದ್ದವು. ರಾಮಾಂಜಿನಪ್ಪ ಅವುಗಳನ್ನೊಮ್ಮೆ ನೋಡಿದ. ಬ್ಯಾಗು ಹೆಗಲಿಗೇರಿಸಿ ಅದೇ ಏರಿಯ ಮೇಲೆ ದಡದಡನೆ ನಡೆದ. ಅವನು ಒಡೆಯಲು ಬಿಟ್ಟಿದ್ದ ಏರಿ ಅವನನ್ನೂ ಹೊತ್ತು ರಸ್ತೆಗೆ ದಾಟಿಸಿತು. ತಾಯಿ ಆ ರಸ್ತೆಯನ್ನೇ ನೋಡುತ್ತ ನಿಂತಳು.

ಅವನು ಮತ್ತೆ ಬರಲಿಲ್ಲ.