ಒಂದೇ ಬೇರಿನ ನಾಚಿಕೆ

“ಮತ್ತೆ ಬಂದ್ರಾ!”

ಬೆಳಗ್ಗೆ ಹೊಲಿಗೆ ಅಂಗಡಿಗೆ ಹೊಸ ಬೀಗ ಹಾಕಿಹೋದ ಬೀಗದವನು ಮಧ್ಯಾಹ್ನದೊಳಗೆ ಮೂರನೇ ಸಲ ಬಾಗಿಲಲ್ಲಿ ನಿಂತಿದ್ದ. ಹೊಲಿಗೆಯವಳು ಮುಂಗುರುಳು ಸರಿಮಾಡಿಕೊಂಡಳು.

“ಅದು... ಬೀಗ ಸರಿಯಾಗಿ ಬೀಳುತ್ತಾ ಅಂತ...”

‘ಬೀಗ ಬರೀ ನೆಪ!’ ಎಂದುಕೊಂಡಳು.

ಆಮೇಲೆ ದಿನವೂ ಬಂದ. ಬರುವಾಗ ಊಟದ ಡಬ್ಬಿ ತಂದ. ಅವಳು “ಆಮೇಲೆ ತಿಂತೀನಿ” ಎನ್ನುತ್ತಿದ್ದಳು. ಅವನು ಬೆನ್ನು ತಿರುಗಿಸಿದ್ದೇ ತಡ, ಊಟವೆಲ್ಲ ಚಿಂದಿ ಬಟ್ಟೆಯ ಚೀಲದ ಪಾಲು. ದೇವರೇ, ಅನ್ನಕ್ಕೆ ಇಂಥ ಅವಮಾನ ಮಾಡುವ ಕೈಗಳು ನನ್ನವೇ?

ಒಂದು ದಿನ ಅವನು ಅರ್ಧ ದಾರಿಯಿಂದ ಹಿಂತಿರುಗಿದ. ಅವಳ ಕೈಯಲ್ಲಿ ಡಬ್ಬಿ ಇನ್ನೂ ಚಿಂದಿ ಚೀಲದ ಮೇಲೆ ಬಗ್ಗಿತ್ತು.

ಅವನ ಮುಖ ಸಪ್ಪಗಾಯಿತು.

“ಗೊತ್ತಾಯ್ತು ಬಿಡಿ. ಬೀದಿಯವರೆಲ್ಲ ನನ್ನನ್ನ ‘ಇನ್ನೊಂದ್ಸಲ’ ಅಂತಾನೇ ಕರೀತಾರೆ. ಬೀಗ ಹಾಕಿದ ಎಲ್ಲರ ಬಾಗಿಲಿಗೂ ಹೀಗೇ ವಾಪಸ್ ಹೋಗ್ತೀನಿ. ಕಾಯಿಲೆ ಅದು. ಇಂಥವನ ಕೈಯೂಟ ಯಾರಿಗೆ ಸೇರುತ್ತೆ?”

ಎಲ್ಲರ ಬಾಗಿಲಿಗೂ! ಅವಳು ನಾಚಿಕೆಯಿಂದ ಕುಗ್ಗಿಹೋದಳು. ಅದಕ್ಕಿಂತ ಹೆಚ್ಚಾಗಿ, ತನ್ನ ತಪ್ಪನ್ನು ಅವನು ತಲೆಯ ಮೇಲೆ ಹೊತ್ತುಕೊಂಡದ್ದು ಚುಚ್ಚಿತು. ಈಗ ಸುಮ್ಮನಿದ್ದರೆ ಇವನು ಮತ್ತೆಂದೂ ಬರುವುದಿಲ್ಲ...

“ನಿಮ್ಮ ಕೈಯೂಟದಲ್ಲಿ ಏನೂ ತಪ್ಪಿಲ್ಲ ಕಣ್ರೀ! ತುತ್ತು ಎತ್ತಿದ್ರೆ ದಪ್ಪ ಆಗ್ತೀನಿ ಅಂತ ನನಗೇ ಭಯ. ನನ್ನ ಸೊಂಟಕ್ಕೆ ಟೇಪು ಹಿಡಿದಾಗ ಅರ್ಧ ಇಂಚು ಹೆಚ್ಚು ಬಂದ್ರೂ ಏನೋ ಪಾಪ ಮಾಡ್ದಂಗೆ ಆಗುತ್ತೆ...”

ಅವನು ಅವಳ ಕೈಯಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ.

“ನಮ್ಮಣ್ಣನಿಗೂ ನಿಮ್ಮದೇ ಕಾಯಿಲೆ. ಸ್ಟೌ ಆರಿಸಿದೆನಾ ಅಂತ ಹತ್ತು ಸಲ ನೋಡ್ತಾನೆ. ಗೆಳತಿಗೆ ಊಟದ ಭಯ ಅಂತ ಸುಳ್ಳು ಹೇಳಿ, ಅವನ ಡಾಕ್ಟರನ್ನೇ ಕೇಳಿದೆ. ವಂಶವಾಹಿಯಲ್ಲಿ ನಿಮ್ಮದಕ್ಕೂ ನನ್ನದಕ್ಕೂ ಒಂದಿಷ್ಟು ಬೇರು ಒಂದೇ ಅಂತೆ.”

“ಅಂದ್ರೆ... ನಾವು ಸಂಬಂಧಿಕರಾ?”

ಅವಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು.

“ತಮಾಷೆ ಅಲ್ಲ! ನಾಳೆ ನಮ್ಮ ಮಗುವಿಗೆ...”

ನಾಲಿಗೆ ಕಚ್ಚಿಕೊಂಡಳು. ಅವನಿನ್ನೂ ಏನನ್ನೂ ಕೇಳಿರಲೇ ಇಲ್ಲ! ಕಿವಿಯವರೆಗೂ ಕೆಂಪಾದಳು.

ಅವನು ಮೆಲ್ಲಗೆ ಕೇಳಿದ, “ಬಂದೇ ಬರುತ್ತೆ ಅಂದ್ರಾ ಡಾಕ್ಟರು?”

“ಇಲ್ಲ. ಬರಬಹುದು ಅಂದ್ರು, ಅಷ್ಟೇ.”

“ಬಂದ್ರೆ, ನಮ್ಮ ಹಾಗೆ ಮಗು ಒಂಟಿಯಾಗಿ ಮುಚ್ಚಿಟ್ಕೊಬೇಕಾಗಲ್ಲ. ಗುರುತು ಹಿಡಿಯೋಕೆ ಇಬ್ಬರು ಇರ್ತೀವಲ್ಲ.”

ಅವಳು ತಲೆಯೆತ್ತಿದಳು.

“ಗೆಳತಿಯದಲ್ಲ, ನನ್ನದು ಅಂತ ಡಾಕ್ಟರಿಗೆ ಇವತ್ತಿಗೂ ಹೇಳಿಲ್ಲ. ನಾಳೆ... ಜೊತೆಗೆ ಬರ್ತೀರಾ?”

“ಬರ್ತೀನಿ.”

“ಹೊರಗೆ ಬೆಂಚಲ್ಲಿ ಕೂತ್ಕೊಳ್ಳೋಕಲ್ಲ. ಒಳಗಡೆವರೆಗೂ.”

“ಒಳಗಡೆವರೆಗೂ,” ಎಂದ ಅವನು.