ಹಸಿ ಅರಿಶಿನದ ಕಲ್ಲು

ನಾಲೆಯ ತೂಬಿಗೆ ಹೆಣ ಸಿಕ್ಕಿಕೊಂಡು ನಿಂತಿತ್ತು.

೧೯೯೮ರ ಸೆಪ್ಟೆಂಬರ್. ಹೊಳೆನರಸೀಪುರದಿಂದ ಹಳ್ಳಿಮೈಸೂರಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ನಾಲೆ ಏರಿ ಹಿಡಿದು ಅರ್ಧ ಮೈಲಿ ನಡೆದರೆ ಹೊಂಗೆಕೊಪ್ಪಲು. ಸಬ್‌ಇನ್ಸ್‌ಪೆಕ್ಟರ್ ಮೈತ್ರೇಯಿ ಬರುವ ಹೊತ್ತಿಗೆ ಊರಿಗೆ ಊರೇ ಏರಿಯ ಮೇಲೆ ನಿಂತಿತ್ತು. ಯಾವ ಮನೆಯಿಂದಲೂ ಹೊಗೆ ಏಳುತ್ತಿರಲಿಲ್ಲ. ಊರ ಬಾಗಿಲ ಬಸವಣ್ಣನ ಗುಡಿಗೆ ಚಿಲಕ ಹಾಕಿತ್ತು. ಹೆಣ ಎತ್ತುವ ತನಕ ದೇವರಿಗೂ ಪೂಜೆಯಿಲ್ಲ.

ಸತ್ತವಳು ಭಾನುಪ್ರಿಯಾ. ಕಾಲೋನಿಯ ಲಕ್ಷ್ಮಿದೇವಮ್ಮನ ಒಬ್ಬಳೇ ಮಗಳು. ಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಸಂಜೆಯ ಕೊನೆ ಬಸ್ಸಿಳಿದವಳು ಮನೆ ಮುಟ್ಟಿರಲಿಲ್ಲ.

ಕತ್ತಿನ ಸುತ್ತ ಕಂದುಗೆರೆ ಕೂತಿತ್ತು. ನೀರು ಕುಡಿದು ಸತ್ತವಳಲ್ಲ, ಸತ್ತ ಮೇಲೆ ನೀರಿಗೆ ಬಿದ್ದವಳು.

ಚಪ್ಪಲಿಗಳು ಕಾಲುದಾರಿಯ ಮಣ್ಣಿನಲ್ಲಿದ್ದವು. ಒಂದು ಬೋರಲು, ಒಂದು ಅಂಗಾತ. ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಕಲ್ಲು. ಕಣ್ಣಿಲ್ಲ, ಮೂಗಿಲ್ಲ, ಚಪ್ಪಟೆ ತಲೆ. ಮೈ ತುಂಬ ಹಸಿ ಅರಿಶಿನ, ಬುಡದಲ್ಲಿ ಇನ್ನೂ ನೀರಿನ ಪಸೆ.

"ಇದೇನಿದು?"

"ಏರಿ ಕರಿಯಮ್ಮ ಕಣವ್ವ," ಎಂದಿತು ಗುಂಪಿನಿಂದ ಒಂದು ದನಿ. "ನಮ್ಮೂರ ಕಾಯೋಳು."

ಚೆನ್ನಾಗಿ ಕಾದಳು, ಎಂದುಕೊಂಡಳು ಮೈತ್ರೇಯಿ. ಫೋಟೋದವನು ಚಪ್ಪಲಿ, ಕಲ್ಲು, ತೂಬು, ಊರ ಬಾಗಿಲ ಗುಡಿ ಎಲ್ಲವನ್ನೂ ತೆಗೆದ. ಮೊದಲು ಹೆಣ ಕಂಡವಳು ಹೊನ್ನಕ್ಕ, ಏರಿ ಪಕ್ಕದ ಮನೆಯವಳು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. "ಬೆಳಿಗ್ಗೆ ಬಂದೆ, ನೀರಾಗೆ ಕಂಡ್ತು, ಕೂಗ್ಕಂಡೆ" ಎಂಬುದಕ್ಕಿಂತ ಹೆಚ್ಚು ಅವಳ ಬಾಯಿಂದ ಬರಲಿಲ್ಲ.

ಮಧ್ಯಾಹ್ನಕ್ಕೆ ಆರೋಪಿ ಸಿಕ್ಕಿಬಿಟ್ಟ. ಕೀರ್ತಿರಾಜ್, ಭಾನುಪ್ರಿಯಾಳ ಸೋದರತ್ತೆಯ ಮಗ. ಅವಳನ್ನು ಮದುವೆಯಾಗುತ್ತೇನೆಂದು ಕೇಳಿದ್ದ, ಅವಳು ಈಗಲೇ ಬೇಡ ಎಂದಿದ್ದಳು. ತಿಂಗಳಿಂದ ದಿನಾ ಸಂಜೆ ಪೇಟೆಯ ಬಸ್‌ಸ್ಟಾಂಡಿನಲ್ಲಿ ನಿಂತು ಅವಳ ಹಿಂದೆಯೇ ಬಸ್ಸು ಹತ್ತುತ್ತಿದ್ದ. ಇನ್ನೇನು ಬೇಕು? ಕಾಫಿ ಹೋಟೆಲಿನಲ್ಲಿ ಕೂತವರಿಗೆಲ್ಲ ಅವನ ಪ್ಲಾನು ಗೊತ್ತಿತ್ತು. ಒಬ್ಬನ ಪ್ರಕಾರ ಅವನು ತಿಂಗಳಿಂದ ಹೊಂಚು ಹಾಕಿದ್ದ. ಇನ್ನೊಬ್ಬನ ಪ್ರಕಾರ ಅವಳೇ ಇಬ್ಬರನ್ನು ಆಡಿಸುತ್ತಿದ್ದಳು. ನರ್ಸು ಅಂದಮೇಲೆ ಕೇಳಬೇಕೆ, ಎಂದ ಮೂರನೆಯವನು. ಅವಳು ಹೇಗೆ ಸತ್ತಳೆಂದು ಕೇಳುವ ಮೊದಲೇ, ಹೇಗೆ ಬದುಕಿದ್ದಳೆಂದು ಊರು ತೀರ್ಪು ಕೊಟ್ಟಾಗಿತ್ತು.

"ನಾಳೆ ಮಧ್ಯಾಹ್ನ ಕೋರ್ಟಿಗೆ," ಎಂದರು ಸರ್ಕಲ್ ಇನ್ಸ್‌ಪೆಕ್ಟರ್ ಅಪ್ಪಾಜಿ. "ಅಷ್ಟರೊಳಗೆ ಒಪ್ಕೋತಾನೆ."

"ಒಪ್ಕೊಳ್ಳದಿದ್ರೆ ಸರ್?"

"ದಫೇದಾರ್ ಸಣ್ಣಸ್ವಾಮಿ ಇದಾನಲ್ಲಮ್ಮ. ಒಪ್ಪಿಸ್ತಾನೆ."

ಒಳಗಿನಿಂದ ಲಾಠಿಯ ಸದ್ದು ಕೇಳುತ್ತಿತ್ತು.

*

ಮರುದಿನ ಬೆಳಿಗ್ಗೆ ಮೈತ್ರೇಯಿ ನರ್ಸಿಂಗ್ ಹೋಮಿಗೆ ಹೋದಳು. ಡಾಕ್ಟರ್ ಚೂಡಾಮಣಿ ಹೆರಿಗೆ ಕೋಣೆಯಲ್ಲಿದ್ದರು. ಎದುರು ಬಂದು ಕೂರಿಸಿದವನು ಅವರ ಅಣ್ಣನ ಮಗ ಕೇದಾರ್, ಅಲ್ಲಿನ ಮ್ಯಾನೇಜರ್. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಮೆತ್ತಗಿನ ಮಾತು. ಮೇಜಿನ ಮೇಲೆ ಅಂದಿನ ಪೇಪರು ಬಿದ್ದಿತ್ತು: ‘ನರ್ಸ್ ಕೊಲೆ: ನಾಲೆ ದಂಡೆಯಲ್ಲಿ ಚಪ್ಪಲಿ ಪತ್ತೆ.’

"ತುಂಬ ಒಳ್ಳೆ ಹುಡುಗಿ ಮೇಡಂ. ನಮ್ಮನೇ ಮಗಳ ಥರ ಇದ್ಲು."

"ಕೀರ್ತಿರಾಜ್‌ನ ನೋಡಿದ್ರಾ?"

"ದಿನಾ ನೋಡ್ತಿದ್ನಲ್ಲ! ಬಸ್‌ಸ್ಟಾಂಡಲ್ಲಿ ಕಂಬದ ಹಾಗೆ ನಿಂತಿರ್ತಿದ್ದ. ನಾನೇ ಎಚ್ಚರಿಸಿದ್ದೆ ಆ ಹುಡುಗೀನ. ಕೇಳಬೇಕಲ್ಲ?"

"ಯಾಕೆ ಕೊಂದಿರಬಹುದು ಅಂತೀರಿ?"

ಕೇದಾರ್ ಕುರ್ಚಿ ಮುಂದಕ್ಕೆಳೆದುಕೊಂಡ. ಈ ಪ್ರಶ್ನೆಗೇ ಕಾದಿದ್ದವನಂತೆ.

"ಅವಮಾನ ಮೇಡಂ. ಬೇಡ ಅಂದ್ಲಲ್ಲ! ಇವ್ನು ಓದ್ಲಿಲ್ಲ, ಅವಳು ಓದಿದ್ಲು. ಆದ್ರೆ ಪ್ಲಾನ್ ಮಾತ್ರ ನೋಡಿ. ಯಾವ ಬಸ್ಸಿಗೆ ಬರ್ತಾಳೆ, ಎಲ್ಲಿ ಜನ ಇರಲ್ಲ, ಎಲ್ಲ ಲೆಕ್ಕ ಹಾಕಿದಾನೆ. ಅವಳ ದುಪ್ಪಟ್ಟಾದಲ್ಲೇ ಕತ್ತು ಬಿಗಿದು ನೀರಿಗೆ ತಳ್ಳೋದು. ಚಪ್ಪಲೀನ ಜೋಡಿಯಾಗಿ ಕಲ್ಲಿನ ಮೇಲಿಟ್ಟು, ತಾನೇ ಬಿದ್ದು ಸತ್ಲು ಅಂತ ಜನ ಅಂದ್ಕೊಳ್ಳೋ ಹಾಗೆ ಮಾಡೋದು. ಓದದೆ ಇದ್ರೂ ತಲೆ ಇದೆ ಅವನಿಗೆ."

"ನೀವು ಸ್ಥಳಕ್ಕೆ ಬಂದಿದ್ರಾ?"

"ಅಯ್ಯೋ, ಇಲ್ಲ. ಆ ಊರಿನ ದಾರೀನೂ ಗೊತ್ತಿಲ್ಲ ನಂಗೆ."

"ಅವಳ ಡ್ಯೂಟಿ ಯಾರು ಹಾಕ್ತಿದ್ರು?"

"ನಾನೇ," ಎಂದ. ತಡೆದು ಸೇರಿಸಿದ: "ಮ್ಯಾನೇಜರ್ ಅಲ್ವಾ?"

*

ಲಕ್ಷ್ಮಿದೇವಮ್ಮ ಜಗಲಿಯ ಮೇಲೆ ಕೂತಿದ್ದಳು. ಹಿಂದಿನ ಗೋಡೆಯಲ್ಲಿ ಬುದ್ಧನ ಪಟ, ಬಾಬಾಸಾಹೇಬರ ಪಟ. ಅಳು ಮುಗಿದು ಕಣ್ಣಲ್ಲಿ ಬರೀ ಸಿಟ್ಟು ಉಳಿದಿತ್ತು.

"ಅವ್ನು ಹಿಂದೆ ಬಿದ್ದಿದ್ನಂತಾ? ಯಾವ ಬಾಯಲ್ಲಿ ಅಂತಾರೆ ಮೇಡಂ? ನಾನೇ ಕಳುಸ್ತಿದ್ದೆ ಅವುನ್ನ! ತಿಂಗ್ಳಿಂದ ನನ್ ಮಗ್ಳಿಗೇ ಸಂಜೆ ಡ್ಯೂಟಿ. ಬ್ಯಾರೆಯೋರ್ಗೆ ಹಾಕಿ ಅಂದ್ರೆ ಆ ಮ್ಯಾನೇಜರು ಬಿಡ್ನಿಲ್ಲ. ಕತ್ಲಲ್ಲಿ ಏರಿ ಮ್ಯಾಲೆ ಒಬ್ಳೇ ಎಂಗೆ ಬತ್ತಾಳೆ? ‘ಓಗಿ ಕರ್ಕಂಬಾ ಕಣ್ಲಾ’ ಅಂತ ನಾನೇ ಅಂದಿದ್ದೆ."

"ಹಾಗಾದ್ರೆ ಅವತ್ತು ಯಾಕೆ ಬರಲಿಲ್ಲ ಅವನು?"

"ಅದ ನಿಮ್ಮ ಸ್ಟೇಷನ್ನಾಗೇ ಕೇಳಿ."

ಮೈತ್ರೇಯಿ ಠಾಣೆಗೆ ಬಂದು ಲಾಕಪ್ಪಿನ ಮುಂದೆ ಕೂತಳು. ಕೀರ್ತಿರಾಜನ ತುಟಿ ಒಡೆದು ಊದಿತ್ತು.

"ಅವತ್ತು ಸಂಜೆ ಎಲ್ಲಿದ್ದೆ?"

"ಬಸ್‌ಸ್ಟಾಂಡಲ್ಲೇ ನಿಂತಿದ್ದೆ ಮೇಡಂ. ಆ ದಫೇದಾರ್ರು ಬಂದು ‘ನರ್ಸುಗಳ್ನ ಚುಡಾಯಿಸ್ತೀಯೇನಲಾ’ ಅಂತ ಕೆನ್ನೆಗೆ ಎರಡು ಬಿಟ್ರು. ಅರಕಲಗೂಡು ಬಸ್ಸಿಗೆ ತಳ್ಳುದ್ರು. ಇವತ್ತು ಈ ಊರಲ್ಲಿ ಕಂಡ್ರೆ ಕಾಲು ಮುರೀತೀನಿ ಅಂದ್ರು. ಅರಕಲಗೂಡಲ್ಲಿ ಇಳುದ್ರೆ ವಾಪಸ್ ಬಸ್ಸಿಲ್ಲ. ಸ್ಟಾಂಡಲ್ಲೇ ಮಲುಗ್ದೆ."

ಸಣ್ಣಸ್ವಾಮಿ ಬಾಗಿಲಲ್ಲೇ ನಿಂತಿದ್ದ. ಮೈತ್ರೇಯಿ ತಿರುಗಿದಳು.

"ನಿಜವೇನ್ರೀ?"

"ಊಂ ಮೇಡಂ. ನರ್ಸಿಂಗ್ ಹೋಮಿಂದ ಫೋನ್ ಬಂತು. ಒಬ್ಬ ರೋಡ್ ರೋಮಿಯೋ ಕಾಟ ಅಂದ್ರು. ಅದಕ್ಕೇ ನೋಡಿ, ಏಟು ತಿಂದ ಸಿಟ್ಟಿಗೆ ನಡುದಾರೀಲಿ ಇಳ್ದು ಬಂದು—"

"ಫೋನ್ ಮಾಡಿದ್ದು ಯಾರು?"

"ಯಾರೋ ಗಂಡಸ್ರು. ದೊಡ್ಡ ಜನ, ಹೆಸರು ಕೇಳಕ್ಕಾಯ್ತದಾ?"

ಮೈತ್ರೇಯಿಗೆ ಕೈ ಎತ್ತಬೇಕೆನಿಸಿತು. ಎತ್ತಲಿಲ್ಲ. ಮತ್ತೆ ಕೀರ್ತಿರಾಜನತ್ತ ಬಾಗಿದಳು.

"ಆ ಕರಿಯಮ್ಮನ ಕಲ್ಲಿನ ಮೇಲೆ ನೀನು ಚಪ್ಪಲಿ ಇಡ್ತೀಯಾ?"

ಅವನು ಒಡೆದ ತುಟಿಯಲ್ಲೇ ನಕ್ಕ. ಕೆಟ್ಟ ನಗು ಅದು.

"ನಮ್ಗೆ ಅದು ಕಲ್ಲು ಮೇಡಂ, ದೇವ್ರಲ್ಲ. ನಮ್ಮಪ್ಪ ಒಂದ್ಸಲ ಅದ್ರ ಮುಂದೆ ಚಪ್ಪಲಿ ಹಾಕ್ಕಂಡು ನಡುದ್ರು ಅಂತ ಲೈಟು ಕಂಬಕ್ಕೆ ಕಟ್ಟಿದ್ರು. ನಮ್ ಕಾಲೋನಿ ಕೂಸೂ ಅಲ್ಲಿ ಚಪ್ಪಲಿ ಕೈಗೆ ಎತ್ಕತದೆ. ಮ್ಯಾಲೆ ಇಡಾದಾ? ಬದುಕ್ಬೇಕಲ್ಲ ಮೇಡಂ ಆ ಊರಲ್ಲಿ!"

ಮೈತ್ರೇಯಿ ಫೋಟೋಗಳನ್ನು ಮೇಜಿನ ಮೇಲೆ ಹರಡಿದಳು. ಬೋರಲು ಬಿದ್ದ ಚಪ್ಪಲಿ. ಹಸಿ ಅರಿಶಿನದ ಕಲ್ಲು. ಚಿಲಕ ಹಾಕಿದ ಬಸವಣ್ಣನ ಗುಡಿ. ಒಂದೇ ಬೆಳಗಿನ ಮೂರು ಚಿತ್ರಗಳು. ಅವಳು ಟೋಪಿ ಎತ್ತಿಕೊಂಡು ಜೀಪಿಗೆ ಓಡಿದಳು.

*

"ಹೊನ್ನಕ್ಕ, ಹೆಣ ಇರೋವಾಗ ನಿಮ್ಮೂರಲ್ಲಿ ಪೂಜೆ ಮಾಡ್ತಾರಾ?"

"ಎಲ್ಲಾರಾ ಉಂಟಾ? ಶಾಂತಂ ಪಾಪಂ."

"ಮತ್ತೆ ಕರಿಯಮ್ಮನಿಗೆ ಅರಿಶಿನ ಹಚ್ಚಿದ್ದು ಯಾರು?"

ಹೊನ್ನಕ್ಕ ಸೆರಗನ್ನು ಮತ್ತೆ ಬಾಯಿಗೆ ಒತ್ತಿಕೊಂಡಳು.

"ಹೆಣ ಕಾಣೋ ಮುಂಚೆ ಹಚ್ಚಿದ್ದೀರಿ. ಮಂಗಳವಾರ ಅಲ್ಲ, ಶುಕ್ರವಾರ ಅಲ್ಲ. ಬುಧವಾರ ಬೆಳಿಗ್ಗೆ ಎದ್ದು ದೇವರನ್ನ ತೊಳೆಯೋ ಅಂಥದ್ದು ಏನಾಗಿತ್ತು?"

"ಯಾರ್ಗೂ ಯೋಳ್ನಿಲ್ಲ ಕಣವ್ವ," ಎಂದಳು ಹೊನ್ನಕ್ಕ. "ನಮ್ಮ ಯಜಮಾನ್ರಿಗೂ ಯೋಳ್ನಿಲ್ಲ. ಬಂದು ನೋಡ್ತೀನಿ, ಅಮ್ಮನ ತಲೆ ಮ್ಯಾಲೆ ಚಪ್ಪಲಿ! ಜೋಡ್ಸಿ ಮಡಗವ್ರೆ! ಹೊಟ್ಟೆ ಉರೀತು. ಕೋಲಲ್ಲಿ ತಳ್ದೆ. ‘ಯಾವ ಕಾಲೋನಿ ಮುಂಡೇದಲಾ, ನಿನ್ ಮನೆ ಹಾಳಾಗ’ ಅಂತ ಬಾಯ್ಗೆ ಬಂದಂಗೆ ಬೈದೆ. ಅಮ್ಮುನ್ನ ತೊಳ್ದು ಅರಿಶಿಣ ಬಳ್ದೆ. ಆಮ್ಯಾಕೆ ಕೈ ತೊಳ್ಯಕ್ಕೆ ನಾಲೆಗೆ ಇಳುದ್ರೆ... ಆ ಮಗೀನ ಮಖ ಕಂಡ್ತು. ಸತ್ತೋಳ್ಗೆ ಶಾಪ ಹಾಕ್ಬುಟ್ನಲ್ಲವ್ವ! ಎಂಗೆ ಯೋಳ್ಲಿ?"

"ಇನ್ಯಾರಾದ್ರೂ ಕಂಡ್ರಾ ಕಲ್ಲಿನ ಮೇಲೆ ಚಪ್ಪಲಿ?"

"ಯಾರೂ ಇರ್ನಿಲ್ಲ. ನಾನೊಬ್ಳೇಯ."

*

ಅಪ್ಪಾಜಿಯವರ ಕೋಣೆಗೆ ಕೇದಾರನನ್ನು ಕರೆಸಿದಾಗ, ಅವನು ತಾನಾಗಿ ಕುರ್ಚಿ ಎಳೆದುಕೊಂಡು ಕೂತ. ಕಾಫಿಯೂ ಬಂತು.

"ಸರ್," ಎಂದಳು ಮೈತ್ರೇಯಿ, "ಚಪ್ಪಲಿ ಎಲ್ಲಿತ್ತು?"

"ಏರಿ ಮೇಲೆ, ದಾರೀಲಿ. ಮಹಜರಲ್ಲಿದೆಯಲ್ಲ?"

"ಪೇಪರಲ್ಲಿ?"

"ನಾಲೆ ದಂಡೆ ಅಂತ ನಾನೇ ಹೇಳಿದ್ದು. ಏನೀಗ?"

"ಈ ಕೇದಾರ್ ಬೆಳಿಗ್ಗೆ ನನ್ನ ಮುಂದೆ ಏನಂದ್ರು ಗೊತ್ತಾ? ‘ಜೋಡಿಯಾಗಿ ಕಲ್ಲಿನ ಮೇಲಿಟ್ಟು.’ ನಾವು ಯಾರೂ ಹಾಗೆ ನೋಡಿಲ್ಲ. ನಾವು ನೋಡಿದಾಗ ಅವು ಮಣ್ಣಲ್ಲಿ ಉರುಳಿಬಿದ್ದಿದ್ವು."

ಕಾಫಿ ಲೋಟ ಕೇದಾರನ ಕೈಯಲ್ಲಿ ನಿಂತಿತು.

"ಯಾರೋ ಹೇಳಿದ್ರು..."

"ಯಾರು? ಕಲ್ಲಿನ ಮೇಲೆ ಕಂಡವಳು ಹೊನ್ನಕ್ಕ ಒಬ್ಬಳು. ಗಂಡನಿಗೂ ಹೇಳದೆ ನುಂಗಿಕೊಂಡಿದ್ಲು. ಅವಳು ಬಾಯಿ ಬಿಟ್ಟದ್ದು ಮಧ್ಯಾಹ್ನಕ್ಕೆ. ನೀವು ಹೇಳಿದ್ದು ಬೆಳಿಗ್ಗೆ. ಇನ್ನು ಉಳಿದವನು ಒಬ್ಬನೇ, ಅಲ್ಲಿ ಇಟ್ಟವನು."

ಅಪ್ಪಾಜಿ ಕೈ ಅಡ್ಡ ತಂದರು. "ನಿಲ್ಲಮ್ಮ. ಆ ಹುಡುಗನೂ ಇಟ್ಟಿರಬಹುದು. ಅವರು ಬೌದ್ಧರಾಗಿರೋ ಜನ, ಅವರಿಗೆಲ್ಲಿಯ ಕರಿಯಮ್ಮ?"

"ಅವರಿಗೆ ಕರಿಯಮ್ಮ ಇಲ್ಲ ಸರ್, ಲೈಟು ಕಂಬ ಇದೆ. ಅವನಪ್ಪನ್ನ ಕಟ್ಟಿದ್ದ ಕಂಬ. ಆತ್ಮಹತ್ಯೆ ಅಂತ ತೋರಿಸೋಕೆ ಹೊರಟವನು, ಆ ಹುಡುಗಿ ಜೀವ ಹೋದ್ರೂ ಇಡದೆ ಇರೋ ಜಾಗದಲ್ಲಿ ಅವಳ ಚಪ್ಪಲಿ ಇಡ್ತಾನಾ? ಆ ಊರಿನ ಯಾವ ಜಾತಿಯವನೂ ಇಡಲ್ಲ. ಕಣ್ಣು ಮೂಗು ಇಲ್ಲದ ಕಲ್ಲೂ ದೇವರು ಅಂತ ಗೊತ್ತಿಲ್ಲದ ಪೇಟೆಯವನು ಮಾತ್ರ ಇಡ್ತಾನೆ. ಮಸುಕು ಹೊತ್ತು, ಸುತ್ತ ಕೆಸರು. ಜನರ ಕಣ್ಣಿಗೆ ಬೀಳಲಿ ಅಂತ ಚಪ್ಪಟೆ ಕಲ್ಲು ಹುಡುಕಿದ."

ಅವಳು ಕೇದಾರನ ಎದುರು ಬಂದು ನಿಂತಳು.

"ಎಲ್ಲರೂ ಹಿಂಬಾಲಿಸಿದವನನ್ನ ಹುಡುಕಿದ್ರು. ನಿನಗೆ ಹಿಂದೆ ಬೀಳೋ ಅಗತ್ಯವೇ ಇರಲಿಲ್ಲ. ಅವಳ ಹೊತ್ತು ನಿನ್ನ ಕೈಲಿತ್ತು. ಕತ್ತಲಾದ ಮೇಲೆ ಹೊರಡು ಅಂದ್ರೆ ಕತ್ತಲಾದ ಮೇಲೇ ಹೊರಡಬೇಕು. ಕಾಯೋಕೆ ಒಬ್ಬ ಹುಡುಗ ನಿಂತಿದ್ದ. ಅವನನ್ನ ಒಂದು ಫೋನಿನಲ್ಲಿ ತೆಗೆಸಿದೆ. ಯಾರ ಕೈಯಿಂದ? ನಮ್ಮ ಕೈಯಿಂದ! ಪೊಲೀಸರ ಕೈಯಿಂದ! ಆಮೇಲೆ ನರ್ಸಿಂಗ್ ಹೋಮಿನ ಮುಂದೆ ನಿಂತಿರೋ ನಿನ್ನ ಸ್ಕೂಟರಿನಲ್ಲಿ ಬಸ್ಸಿಗಿಂತ ಮೊದಲೇ ಹೋಗಿ ಏರಿ ಮೇಲೆ ನಿಂತೆ. ಸೆಕೆಯಲ್ಲಿ ಈ ತುಂಬುತೋಳು ಯಾಕೆ? ಮೇಲೇರಿಸು."

ಕೇದಾರ್ ಅಲುಗಲಿಲ್ಲ. ಅಪ್ಪಾಜಿಯವರೇ ಎದ್ದು ತೋಳಿನ ಗುಂಡಿ ಬಿಚ್ಚಿದರು. ಮುಂಗೈಯಿಂದ ಮೊಣಕೈವರೆಗೆ ಉಗುರಿನ ಗೀರುಗಳು ಕಪ್ಪುಗಟ್ಟಿದ್ದವು.

"ನಾನು ಕಾಟ ಕೊಡ್ತೀನಿ ಅಂತ ಡಾಕ್ಟರ್ ಅತ್ತೆಗೆ ಹೇಳ್ತೀನಿ ಅಂದ್ಲು," ಎಂದ ಕೇದಾರ್, ನೆಲ ನೋಡುತ್ತ. "ಬರೀ ಮಾತಾಡೋಣ ಅಂತ ಹೋಗಿದ್ದೆ. ಎರಡು ಹೊತ್ತು ಅನ್ನ ಕೊಟ್ಟವರ ಮೇಲೆ ದೂರು ಹೇಳ್ತೀನಿ ಅಂತಾಳಲ್ಲ, ಅವಳಿಗೆ ಎಷ್ಟು ಸೊಕ್ಕು!"

"ಅವಳಿಗೆ ಸೊಕ್ಕಾ?" ಎಂದಳು ಮೈತ್ರೇಯಿ. "ಸಂಬಳಕ್ಕೆ ದುಡಿದ್ಲು ಕಣೋ, ನಿನ್ನ ಅನ್ನಕ್ಕಲ್ಲ."

*

ಕೀರ್ತಿರಾಜನನ್ನು ಬಿಟ್ಟುಬಿಡಿ ಎಂದು ಅಪ್ಪಾಜಿ ತಲೆ ಎತ್ತದೆ ಹೇಳಿದರು. ಅವನನ್ನು ಹಿಡಿದದ್ದೇ ಕಾಗದದಲ್ಲಿರಲಿಲ್ಲ. ಹಾಗಾಗಿ ಬಿಡುವುದಕ್ಕೂ ಕಾಗದ ಬೇಕಾಗಲಿಲ್ಲ.

"ಬಸ್ಸಿಗೆ ಹತ್ತಿಸಿ ಬರಲಾ ಮೇಡಂ?" ಎಂದ ಸಣ್ಣಸ್ವಾಮಿ.

"ಅವತ್ತು ಹತ್ತಿಸಿದ್ದೇ ಸಾಕು. ಇವತ್ತು ಮನೆ ತನಕ ನಡಿ. ಲಕ್ಷ್ಮಿದೇವಮ್ಮನ ಮುಂದೆ ನಿಂತು, ಏನು ಮಾಡ್ದೆ ಅಂತ ನೀನೇ ಹೇಳು."

"ನಾನಾ?"

"ಇನ್ಯಾರು?"

ಜೀಪು ರಸ್ತೆಯಲ್ಲೇ ನಿಂತಿತು. ಮೂವರೂ ಏರಿ ಹಿಡಿದು ನಡೆದರು. ಕಲ್ಲು ಹತ್ತಿರವಾಗುತ್ತಲೇ ಕೀರ್ತಿರಾಜ್ ಚಪ್ಪಲಿ ತೆಗೆಯಲು ಬಾಗಿದ. ಬಾಗಿದವನಿಗೆ ದಫೇದಾರನ ಬೂಟು ಕಾಣಿಸಿತು. ಬೂಟು ನಿಲ್ಲದೆ ಕಲ್ಲನ್ನು ದಾಟಿಹೋಯಿತು. ಬಾಗಿಲಲ್ಲಿದ್ದ ಹೊನ್ನಕ್ಕ ಏನೂ ಅನ್ನಲಿಲ್ಲ. ಅವನು ನೆಟ್ಟಗಾದ. ಚಪ್ಪಲಿ ಕಾಲಲ್ಲೇ ಇತ್ತು; ಹಾಗೇ ನಡೆದ. ಆಗಲೂ ಹೊನ್ನಕ್ಕ ಏನೂ ಅನ್ನಲಿಲ್ಲ.

ಕಾಲೋನಿಯ ಜಗಲಿಯ ಮುಂದೆ ಸಣ್ಣಸ್ವಾಮಿ ಟೋಪಿ ತೆಗೆದು, ತಡವರಿಸಿ, ಎಲ್ಲವನ್ನೂ ಹೇಳಿದ. ಫೋನು, ಎರಡೇಟು, ಅರಕಲಗೂಡು ಬಸ್ಸು.

ಲಕ್ಷ್ಮಿದೇವಮ್ಮ ಪೂರ್ತಿ ಕೇಳಿದಳು. ಬೈಯಲಿಲ್ಲ.

"ನನ್ ಅಳಿಯುನ್ನ ಒಡ್ದು ಬಸ್ಸಿಗೆ ತಳ್ದಾಗ, ಅವ್ನ ಒಂದ್ ಮಾತು ಕೇಳ್ನಿಲ್ಲ ನೀವು," ಎಂದಳು. "ಓಗ್ಲಿ ಬುಡಿ. ಫೋನ್ ಮಾಡ್ದೋನ್ಗಾದ್ರೂ, ‘ಯಾರಪ್ಪಾ ನೀನು’ ಅಂತ ಒಂದ್ ಮಾತು ಕೇಳ್ಬಾರ್ದಾಗಿತ್ತಾ ಸಾ?"

ಸಣ್ಣಸ್ವಾಮಿ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಅವನು ಉತ್ತರ ಕೊಡುವ ತನಕ ಅಲ್ಲಿಂದ ಹೊರಡುವುದಿಲ್ಲವೆಂದು ಮೈತ್ರೇಯಿ ಜಗಲಿಯ ಅಂಚಿನಲ್ಲಿ ಕೂತಳು.